ಅಗುಳಿಯ ಪರವಾಗಿ ಡಂಗುರನ ಅರಿಕೆ

ಸಭೆಗೆ ವಂದನೆಗಳು. ಅಗಲಿದ ಗೆಳೆಯನ ಧರ್ಮಪತ್ನಿಯವರಿಗೆ, ಮಗಳಿಗೆ, ಅಳಿಯಂದಿರಿಗೆ, ಕಚೇರಿ ಜಗಲಿಯ ನನ್ನ ವೃತ್ತಿಬಾಂಧವರಿಗೆ, ಶಾಲೆಯ ಹಳೆಯ ವಿದ್ಯಾರ್ಥಿಗಳಿಗೆ, ಹಿಂದೆ ಜಾಗ ಸಾಲದೆ ನಿಂತಿರುವವರಿಗೆ — ಎಲ್ಲರಿಗೂ ತಲೆಬಾಗಿ ನಮಸ್ಕರಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಅಗಲಿದವರು: ಕಚೇರಿ ಜಗಲಿಯ ಹಿರಿಯ ಬೆರಳಚ್ಚುಗಾರರು. ಅದಕ್ಕೂ ಮೊದಲು ನಮ್ಮ ಶಾಲೆಯ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ತಂಡದಲ್ಲಿ ಕರೆಯುತ್ತಿದ್ದ ಹೆಸರು ಅಗುಳಿ.

೨. ಅರಿಕೆದಾರ: ಅದೇ ಜಗಲಿಯ ಅರ್ಜಿ ಬರಹಗಾರ. ಅದೇ ತಂಡದಲ್ಲಿ ಗೋಲಿನ ಮುಂದೆ ನಿಲ್ಲುತ್ತಿದ್ದ ಬ್ಯಾಕ್. ಕರೆಯುತ್ತಿದ್ದ ಹೆಸರು ಡಂಗುರ.

೩. ಅರಿಕೆಯ ವಿಷಯ: ಅಗಲಿದವರು ಆಸ್ಪತ್ರೆಯಲ್ಲಿ ಅರಿಕೆದಾರನಿಗೆ ಕೊನೆಯದಾಗಿ ಆಡಿದ ಮಾತು ಹಾಗೂ ಅದರ ನಿಜವಾದ ಅರ್ಥ.

೪. ಕೋರಿಕೆ: ಕೊನೆಯಲ್ಲಿ ನಿವೇದಿಸಲಾಗುವುದು.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕ ಹಾಗಾಯಿತು. ನಗಿ, ತಪ್ಪಿಲ್ಲ. ಈ ನಮೂನೆ ನಾನು ಹುಟ್ಟಿಸಿದ್ದಲ್ಲ. ನನಗೆ ಕೈಹಿಡಿದು ಕಲಿಸಿದ ಹಿರಿಯ ಬರಹಗಾರರ ಅರ್ಜಿಗಳನ್ನು ಅಕ್ಷರ ಬಿಡದೆ ನಕಲು ಮಾಡಿ ಮಾಡಿ ಕಲಿತದ್ದು. ದುಃಖದಲ್ಲಿರುವವನು ಹೇಳಬೇಕಾದದ್ದನ್ನು ಬಿಟ್ಟು ಬೇರೆಲ್ಲ ಹೇಳುತ್ತಾನೆ, ಅದಕ್ಕೇ ಅವನ ಮಾತಿಗೆ ಮೊದಲು ಒಂದು ಗೆರೆ ಹಾಕಿಕೊಡಬೇಕು ಎನ್ನುತ್ತಿದ್ದರು ಅವರು. ಈ ದಿನ ಆ ಗೆರೆ ನನಗೇ ಬೇಕಾಗಿದೆ.

ಮೊದಲು ಮೂರನೆಯ ಬಾಬತ್ತು.

ಅವನನ್ನು ಕಳುಹಿಸಿಕೊಟ್ಟು ಬಂದ ಮರುದಿನ ಈ ಮಗಳು — ಇಲ್ಲೇ, ಮುಂದಿನ ಸಾಲಿನಲ್ಲಿ ತಾಯಿಯ ಕೈ ಹಿಡಿದು ಕೂತಿದ್ದಾಳೆ — ನಮ್ಮ ಮನೆಗೆ ಬಂದಳು. ಅಳು ಹಂಚಿಕೊಳ್ಳಲು ಬಂದಿದ್ದಾಳೆ ಎಂದುಕೊಂಡೆ. ಅವಳು ಬಂದದ್ದು ತಂದೆಯ ಪರವಾಗಿ ಕ್ಷಮೆ ಕೇಳಲು. "ಚಿಕ್ಕಪ್ಪಾ, ಅಪ್ಪ ನಿಮಗೆ ಹಾಗೆ ಅನ್ನಬಾರದಿತ್ತು. ಔಷಧಿ ಮಂಪರಲ್ಲಿ ಅಂದಿರ್ತಾರೆ. ಮನಸ್ಸಿಗೆ ಹಚ್ಕೋಬೇಡಿ" ಎಂದಳು.

ಅವನು ಅಂದದ್ದು ಇಷ್ಟು: "ಇನ್ನು ಸುಮ್ಮನಾಗೋ. ಸಾಕು."

ಇದನ್ನು ಅವನ ಹೆಂಡತಿ ಕೇಳಿದ್ದಾರೆ, ಮಗಳು ಕೇಳಿದ್ದಾಳೆ, ನರ್ಸಮ್ಮನೂ ಕೇಳಿದ್ದಾರೆ. ಆಮೇಲೆ ಅವನು ಯಾರೊಡನೆಯೂ ಮಾತಾಡಲಿಲ್ಲ. ಎಳವೆಯಿಂದ ಜೊತೆಗಿದ್ದ ಗೆಳೆಯನ ಬಾಯಿ ಮುಚ್ಚಿಸಿಬಿಟ್ಟು ತಂದೆ ಹೋದರಲ್ಲ ಎಂಬ ಮುಳ್ಳು ಈ ಮಗಳ ಮನಸ್ಸಿನಲ್ಲಿ ಕೂತಿದೆ. ನಾನು ಅಂದು ಉತ್ತರ ಕೊಡಲಿಲ್ಲ. ಕೊಡಬೇಕೆಂದರೆ ಶಾಲೆಯ ಮೈದಾನದಿಂದಲೇ ಶುರು ಮಾಡಬೇಕಿತ್ತು, ಬಾಗಿಲಲ್ಲಿ ನಿಂತು ಹೇಳುವ ಕಥೆಯಲ್ಲ ಅದು. ಇಂದು ಹೇಳುತ್ತೇನೆ. ಮಗಳೇ — ನಿಮ್ಮ ತಂದೆಗೆ ಮಂಪರು ಇರಲಿಲ್ಲ.

ನಮ್ಮ ಡ್ರಿಲ್ ಮಾಸ್ತರರು ತಂಡ ಕಟ್ಟಿದ ಬಗೆ ಕೇಳಿ. ಎಲ್ಲರನ್ನೂ ಗೋಡೆಗೆ ನಿಲ್ಲಿಸಿ, ಕೈ ಚಾಚಿ ಎಂದರು. ಇವನು ಚಾಚಿದ. ಆ ಕಡೆಯವನ ಮೂಗಿಗೂ ಈ ಕಡೆಯವನ ಕಿವಿಗೂ ಒಟ್ಟಿಗೇ ತಗುಲಿತು. "ಬಾಗಿಲಿಗೆ ಅಗುಳಿ ಹಾಕಿದ ಹಾಗಿದ್ದಾನೆ, ಇವನೇ ಗೋಲಿಗೆ" ಎಂದರು ಮಾಸ್ತರರು. ಹೆಸರೂ ಆಯಿತು, ನೇಮಕವೂ ಆಯಿತು. ಇವನ ಕಣ್ಣಿನ ವಿಚಾರ ಯಾರೂ ಕೇಳಲಿಲ್ಲ, ಇವನೂ ಹೇಳಲಿಲ್ಲ.

ಮೊದಲ ದಿನದ ಅಭ್ಯಾಸದಲ್ಲಿ ಚೆಂಡು ಇವನ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು — ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ ಕೇಳದೆ ಒಳಗೆ ಹೋಗುತ್ತಿತ್ತು. ಹಾರುತ್ತಿದ್ದ, ಅದರಲ್ಲಿ ಕುಂದಿಲ್ಲ. ಚೆಂಡು ಬಲೆಯಲ್ಲಿ ಬಿದ್ದ ಮೇಲೆ ಹಾರುತ್ತಿದ್ದ. ನಾನು ಹತ್ತಿರ ಹೋಗಿ, ಕಣ್ಣು ಕಾಣಲ್ವೇನೋ ನಿಂಗೆ ಎಂದೆ.

"ಕಾಣುತ್ತೆ. ಹತ್ತಿರ ಬಂದ್ಮೇಲೆ."

"ಹತ್ತಿರ ಅಂದ್ರೆ?"

"ಮೂಗಿಗೆ ಬಡಿದ್ಮೇಲೆ."

ಕನ್ನಡಕ ಇತ್ತು, ಆದರೆ ಕನ್ನಡಕ ಹಾಕಿದವರನ್ನು ಮಾಸ್ತರರು ಗೆರೆಯ ಒಳಗೆ ಬಿಡುತ್ತಿರಲಿಲ್ಲ. ಹಿಂದೊಮ್ಮೆ ಯಾವನಿಗೋ ಗಾಜು ಒಡೆದು ಹುಬ್ಬು ಸೀಳಿತ್ತಂತೆ. ಇವನು ಅದನ್ನು ಕರವಸ್ತ್ರದಲ್ಲಿ ಸುತ್ತಿ ಪುಸ್ತಕದ ಚೀಲದೊಳಗೆ ಬಚ್ಚಿಟ್ಟಿದ್ದ. ಹೇಳಬೇಡ ಕಣೋ ಎಂದು ನನ್ನ ತೋಳು ಹಿಡಿದುಕೊಂಡ. ಆ ಹಿಡಿತ — ಮಹನೀಯರೇ, ಅದರ ಬಿಗಿ ಇನ್ನೂ ಇಲ್ಲಿದೆ. ಅವನನ್ನು ಅದುವರೆಗೆ ಯಾವ ಆಟಕ್ಕೂ ಯಾರೂ ಸೇರಿಸಿಕೊಂಡಿರಲಿಲ್ಲ.

ನನ್ನ ಧ್ವನಿಯನ್ನು ನಾನೇ ಹೊಗಳಿಕೊಳ್ಳಬಾರದು. ಆದರೂ ಈ ಮೈಕನ್ನು ಜೋಡಿಸಿದವರು ಆಗಲೇ, ತಾತ, ನಿಮಗೆ ಇದು ಬೇಕಾ ಎಂದು ಕೇಳಿಯಾಗಿದೆ. ಅಂದು ಆ ಧ್ವನಿಯನ್ನೇ ಅವನಿಗೆ ಕೊಟ್ಟೆ. ನಾನು ಗೋಲಿನ ಮುಂದೆ ನಿಂತು ಚೆಂಡಿನ ಮೇಲೆ ಕಣ್ಣಿಟ್ಟು ಕೂಗಬೇಕು — ಎಡ, ಬಲ, ಮೇಲೆ, ನೆಲ. ಅವನು ಕೂಗು ಹಿಡಿದು ಹಾರಬೇಕು. ಚೆಂಡು ಗೆರೆ ದಾಟಿ ಹೊರಗೆ ಹೋದರೆ ನಾನು ಸುಮ್ಮನಾಗಬೇಕು. ಕೂಗು ನಿಂತಿತು ಎಂದರೆ ಅಪಾಯವಿಲ್ಲ, ಕಂಬಕ್ಕೆ ಒರಗಿ ಬೆವರು ಒರೆಸಿಕೊಳ್ಳಬಹುದು. ನಮ್ಮಿಬ್ಬರ ಕಾನೂನು ಇಷ್ಟೇ. ಇದನ್ನು ದಯವಿಟ್ಟು ನೆನಪಿನಲ್ಲಿಡಬೇಕು.

ಮೊದಲ ಪಂದ್ಯದಲ್ಲೇ ಎಡವಟ್ಟಾಯಿತು. ಹಿಡಿಯುತ್ತಾನೋ ಇಲ್ಲವೋ ಎಂಬ ಕಳವಳದಲ್ಲಿ ಅವನ ಕಡೆ ತಿರುಗಿ "ಎಡ" ಎಂದೆ. ನನ್ನ ಎಡ ಅವನ ಬಲ. ಅವನು ಗಿಡುಗನ ಹಾಗೆ ಎಗರಿದ — ಚೆಂಡಿಲ್ಲದ ಕಡೆಗೆ. ಕಂಬಕ್ಕೆ ಬಡಿದು ಚೆಂಡು ತಾನೇ ಆಚೆ ಹೋಗಿ ಮಾನ ಉಳಿಯಿತು. ಮೈ ಕೊಡವಿಕೊಂಡು ಎದ್ದವನೇ ಅಪ್ಪಣೆ ಮಾಡಿದ: "ಇನ್ನೊಂದ್ಸಲ ನನ್ನ ಕಡೆ ತಿರುಗ್ಬೇಡ. ಬೆನ್ನು ಹಾಕ್ಕೊಂಡೇ ಕೂಗು."

ತಿರುಗಲಿಲ್ಲ. ಅಲ್ಲಿಂದ ಶಾಲೆ ಬಿಡುವವರೆಗೆ ಒಮ್ಮೆಯೂ ತಿರುಗಲಿಲ್ಲ. ಅವನ ಹಾರಾಟವನ್ನು ಊರೆಲ್ಲ ಹೊಗಳಿತು. ದರ್ಜಿ ಅಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ, ಅವನು ಗಾಳಿಯಲ್ಲಿ ಹೀಗೆ — ಹೀಗೆ ಅಡ್ಡ ಮಲಗುತ್ತಾನಂತೆ ಎಂದು ಕೈಮಾಡಿ ತೋರಿಸುತ್ತಿದ್ದರು. ನಾನು ಬಾಯಿಬಿಟ್ಟುಕೊಂಡು ಕೇಳುತ್ತಿದ್ದೆ. ಏಕೆಂದರೆ ನಾನು ನೋಡಿಲ್ಲ. ಚೆಂಡು ಬರುವುದನ್ನು ಅವನು ಕಾಣಲಿಲ್ಲ, ಹಿಡಿಯುವುದನ್ನು ನಾನು ಕಾಣಲಿಲ್ಲ. ನನಗೆ ದಕ್ಕಿದ್ದು ಸದ್ದು ಮಾತ್ರ. ಒದ್ದೆ ಚರ್ಮದ ಚೆಂಡು ಎರಡು ಅಂಗೈಗಳ ನಡುವೆ ಬಂದು ಕೂರುವ ಸದ್ದು — ಥಪ್. ಈಗಲೂ ಎಲ್ಲಾದರೂ ಯಾರಾದರೂ ಒದ್ದೆ ಬಟ್ಟೆಯನ್ನು ಕಲ್ಲಿಗೆ ಹಾಕಿದರೆ ನಾನು ನಿಂತುಬಿಡುತ್ತೇನೆ.

ಆಟ ಮುಗಿದ ಮೇಲಿನ ಹೊತ್ತು ಅದಕ್ಕಿಂತ ಹೆಚ್ಚು ಕಾಡುತ್ತದೆ. ಚೆಂಡಿಗೆ ಎಣ್ಣೆ ಸವರುವ ಸರದಿ ನಮ್ಮಿಬ್ಬರದಾದಾಗ ಮೆಟ್ಟಿಲ ಮೇಲೆ ಕೂತು, ಇವನು ಹಿಡಿದುಕೊಳ್ಳುವುದು, ನಾನು ಉಜ್ಜುವುದು. ಆ ಚೆಂಡಿಗೆ ಬೂಟಿನ ಹಾಗೆ ದಾರದ ಹೊಲಿಗೆ. ತಲೆಯಿಂದ ಹೊಡೆದವನ ಹಣೆಯ ಮೇಲೆ ಮರುದಿನವೂ ಆ ದಾರದ ಅಚ್ಚು. ಗಣಿತದ ಮೇಷ್ಟ್ರು ನನ್ನ ಹಣೆ ನೋಡಿಯೇ, ನಿನ್ನೆ ಗೆದ್ದಿರೋ ಸೋತಿರೋ ಎಂದು ವಿಚಾರಿಸುತ್ತಿದ್ದರು. ಮನೆಗೆ ಹೋಗುವಾಗ ಬೂಟುಗಳನ್ನು ಕೊರಳಿಗೆ ನೇತುಹಾಕಿಕೊಂಡು ಬರಿಗಾಲಲ್ಲಿ ನಡೆಯುತ್ತಿದ್ದೆವು. ಕನ್ನಡಕ ಹಾಕಿಕೊಂಡರೂ ಇವನ ಕೈ ನನ್ನ ಹೆಗಲ ಮೇಲೆಯೇ. ಈಗ ಕಾಣುತ್ತಲ್ಲೋ, ಕೈ ತೆಗಿ ಎಂದರೆ, "ಅಭ್ಯಾಸ ತಪ್ಪಬಾರದು" ಎನ್ನುತ್ತಿದ್ದ. ಸ್ವಾಮಿ, ಆ ಹೆಗಲು ಈಗ ಬಟ್ಟೆ ನೇತುಹಾಕದ ಗೂಟದ ಹಾಗಾಗಿದೆ.

ನಮ್ಮ ಕೊನೆಯ ಪಂದ್ಯ. ಎದುರಾಳಿ ತಂಡದ ನಾಯಕ ರೆಫರಿಯ ಹತ್ತಿರ ದೂರು ಒಯ್ದ: ಈ ಹುಡುಗನ ಅರಚಾಟದಿಂದ ನಮ್ಮವರಿಗೆ ದಿಕ್ಕು ತಪ್ಪುತ್ತಿದೆ. ರೆಫರಿ ನನ್ನನ್ನು ಕರೆದು, ಇನ್ನೊಂದು ಕೂಗು ಕೇಳಿಸಿದರೆ ಹೊರಗೆ ಕಳುಹಿಸುತ್ತೇನೆ ಎಂದರು. ಅವರು ಹೇಳಿದ್ದು ಅಷ್ಟು ದೂರದ ಗೋಲಿಗೆ ಕೇಳಿಸುವ ಹಾಗಿರಲಿಲ್ಲ. ಹೋಗಿ ತಿಳಿಸೋಣವೆಂದರೆ ಚೆಂಡು ಆಗಲೇ ಹೊರಟಿತ್ತು. ಅವರ ಫಾರ್ವರ್ಡ್ ಆಟಗಾರ ನನ್ನ ಪಕ್ಕದಿಂದಲೇ ನುಗ್ಗಿದ. ಗಂಟಲಿಗೆ ಬಂದದ್ದು ಗಂಟಲಲ್ಲೇ ಉಳಿಯಿತು.

ಥಪ್ ಎನ್ನುವ ಸದ್ದು ಬರಲಿಲ್ಲ. ಸೀಟಿ ಕೇಳಿದ ಮೇಲೆ ತಿರುಗಿದೆ. ಇವನು ಕಂಬಕ್ಕೆ ಒರಗಿ, ಅಂಗಿ ಎತ್ತಿ ನೆಮ್ಮದಿಯಾಗಿ ಮುಖ ಒರೆಸಿಕೊಳ್ಳುತ್ತಿದ್ದ. ಚೆಂಡು ಅವನ ಕಾಲ ಹತ್ತಿರ ಬಲೆಯಲ್ಲಿ ಮಲಗಿತ್ತು.

ಸೋತೆವು. ಡ್ರಿಲ್ ಮಾಸ್ತರರು ಅವನ ಕಿವಿ ಹಿಂಡಿ, ಕಂಬಕ್ಕೆ ಒರಗಿ ನಿದ್ದೆ ಮಾಡ್ತಿದ್ಯಾ ಎಂದು ಬೈದರು. ಅವನು ಬೂಟು ಬಿಚ್ಚಿ ಕೊರಳಿಗೆ ಹಾಕಿಕೊಂಡ. ದಾರಿಯಲ್ಲಿ, ಕೈಯನ್ನು ಎಂದಿನ ಹಾಗೆ ನನ್ನ ಹೆಗಲ ಮೇಲಿಟ್ಟುಕೊಂಡು ನನಗೆ ಮಾತ್ರ ಹೇಳಿದ: "ನೀನು ಸುಮ್ಮನಾದೆಯಲ್ಲ. ಅದಕ್ಕೇ ಚೆಂಡು ಹೊರಗೆ ಹೋಯ್ತು ಅಂದ್ಕೊಂಡೆ."

ಅಷ್ಟೇ. ಆಕ್ಷೇಪಣೆ ಇಲ್ಲ, ಮುನಿಸಿಲ್ಲ. ನಾನು ಬರೆದ ಅರ್ಜಿಗಳಲ್ಲಿ ನಂಬಿಕೆ ಎಂಬ ಪದ ಎಷ್ಟು ಸಾರಿ ಬಂದಿದೆಯೋ. ಆದರೆ ಆ ಪದ ಎದುರು ಬಂದು ನಿಂತದ್ದನ್ನು ನಾನು ನೋಡಿದ್ದು ಆ ದಾರಿಯಲ್ಲಿ.

ಜಗಲಿಯ ಕಾಲ ನಿಮಗೆಲ್ಲ ಗೊತ್ತಿದೆ. ಒಂದೇ ಬೆಂಚು, ಬೆನ್ನಿಗೆ ಬೆನ್ನು. ನಾನು ಬೀದಿಗೆ ಮುಖ ಮಾಡಿ ಒಕ್ಕಣೆ ಹೇಳುವುದು, ಅವನು ಗೋಡೆಗೆ ಮುಖ ಮಾಡಿ ಯಂತ್ರದಲ್ಲಿ ಹಿಡಿಯುವುದು. ನಾನು ನಿಲ್ಲಿಸಿದರೆ ಮುಗಿಯಿತು ಎಂದರ್ಥ, ಹಾಳೆ ಹೊರಗೆ ಬರುತ್ತಿತ್ತು. ಬಾಡಿಗೆ ತಕರಾರಿನ ಅರ್ಜಿ ಬರೆಸಲು ಬಂದ ಹೆಂಗಸೊಬ್ಬರು ನಮ್ಮನ್ನು ನೋಡಿ, ನೀವಿಬ್ರೂ ಮಾತು ಬಿಟ್ಟಿದ್ದೀರಾ, ಬೇಕಾದ್ರೆ ನಾನು ಆಮೇಲೆ ಬರ್ತೀನಿ ಎಂದಿದ್ದರು. ಯಂತ್ರದ ಸದ್ದು ನಿಲ್ಲಿಸದೆ ಇವನು, ಇಲ್ಲಮ್ಮ, ಇವನ ಮುಖ ನೋಡಿದ್ರೆ ನನಗೆ ಕಾಗುಣಿತ ತಪ್ಪುತ್ತೆ ಎಂದ.

ಕೊನೆಕೊನೆಗೆ ಹತ್ತಿರದ್ದೂ ಕಾಣದಾಯಿತು. ಯಂತ್ರಕ್ಕೆ ಮುಸುಕು ಹಾಕಿದ. ಸಂಜೆ ಚಹಾದಂಗಡಿಗೆ ನಾನು ಮುಂದೆ, ಅವನು ಹಿಂದೆ — ಮೆಟ್ಟಿಲು, ಬಲ, ಸೈಕಲ್ಲು, ನಿಲ್ಲು. ಯಾರನ್ನೋ ಈ ಮುದುಕ ಬೈಯುತ್ತ ಹೋಗುತ್ತಾನೆ ಎಂದು ಬೀದಿಯವರು ತಿಳಿದಿದ್ದರು.

ಈಗ ಆಸ್ಪತ್ರೆ. ಕಿಟಕಿ ಪಕ್ಕದ ಹಾಸಿಗೆ. ನಾನು ಹೋಗಿ ಎದುರಿಗೆ ಕೂತೆ. ಅವನು ಬೆರಳಾಡಿಸಿದ — ಆ ಕಡೆ ತಿರುಗಿ ಕೂತ್ಕೋ ಎಂದು. ಕುರ್ಚಿ ತಿರುಗಿಸಿದೆ. ರೋಗಿಗೆ ಬೆನ್ನು ಹಾಕಿ ಕೂತವನನ್ನು ನರ್ಸಮ್ಮ ವಿಚಿತ್ರವಾಗಿ ನೋಡಿದರು. ಕೂಗು ಎಂದ. ಕೂಗಿದೆ, ಆಸ್ಪತ್ರೆಗೆ ತಕ್ಕ ಹಾಗೆ ಮೆಲ್ಲಗೆ: ಚೆಂಡು ನಡುವಿನಲ್ಲಿದೆ, ಎಡಕ್ಕೆ ಬಂತು, ಬಲ, ಬಲ, ನೆಲ. ಹಿಂದಿನಿಂದ ಉಸಿರು ಏರಿ ಇಳಿಯುವುದು ಕೇಳಿಸುತ್ತಿತ್ತು. ಹೊದಿಕೆಯ ಮೇಲೆ ಅವನ ಕೈ ಆಡುವ ಸದ್ದೂ ಕೇಳಿಸುತ್ತಿತ್ತು. ಬಹಳ ಹೊತ್ತಿನ ಮೇಲೆ ಅವನು ಆ ಮಾತು ಆಡಿದ: "ಇನ್ನು ಸುಮ್ಮನಾಗೋ. ಸಾಕು."

ಮಗಳೇ, ಈಗ ನಿನಗೆ ತಿಳಿದಿರಬೇಕು. ನಿಮ್ಮ ತಂದೆ ನನ್ನ ಬಾಯಿ ಮುಚ್ಚಿಸಲಿಲ್ಲ. ದಣಿದಿದ್ದ. ಚೆಂಡು ಹೊರಗೆ ಹೋಯಿತು ಎನ್ನು, ನಾನು ಕಂಬಕ್ಕೆ ಒರಗುತ್ತೇನೆ ಎಂದು ಕೇಳಿದ. ಆ ಅನುಮತಿ ಕೊಡುವವನು ಅವನ ಪಾಲಿಗೆ ಲೋಕದಲ್ಲಿ ಒಬ್ಬನೇ ಇದ್ದ.

ನಾನು ಕೊಡಲಿಲ್ಲ. ಕೊಡಲಾಗಲಿಲ್ಲ. ಒಮ್ಮೆ ನಾನು ಸುಮ್ಮನಾದಾಗ ಏನಾಯಿತೆಂದು ನೀವೇ ಕೇಳಿದಿರಿ. ಚೆಂಡು ಇನ್ನೂ ಮೈದಾನದಲ್ಲಿತ್ತು, ನನಗೆ ಕಾಣುತ್ತಿತ್ತು — ಸುಳ್ಳು ಮೌನ ಹೇಗೆ ಕೊಡಲಿ? ಎಡ ಎಂದೆ, ಬಲ ಎಂದೆ. ಹೊತ್ತು ಮೀರಿತು ಎಂದು ನರ್ಸಮ್ಮ ಮೊಣಕೈ ಹಿಡಿದು ಎಬ್ಬಿಸಿದರು. ಆಸ್ಪತ್ರೆಯ ವರಾಂಡದುದ್ದಕ್ಕೂ ಕೂಗುತ್ತಲೇ ಹೋದೆ. ಬೆಳಗ್ಗೆ ಸುದ್ದಿ ಬಂತು.

ಆದಕಾರಣ ನಾಲ್ಕನೆಯ ಬಾಬತ್ತು, ನನ್ನ ಕೋರಿಕೆ.

ಮಾನ್ಯರೇ, ಚೆಂಡು ಗೆರೆ ದಾಟಿ ಹೊರಗೆ ಹೋಗಿದೆ. ನಾನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ. ಈಗ ಅವನಿಗೆ ಸಲ್ಲಬೇಕಾದ ಮೌನ ಸಲ್ಲಬೇಕು. ಒಬ್ಬನ ಮೌನ ಅಷ್ಟು ದೂರ ತಲುಪುತ್ತದೋ ಇಲ್ಲವೋ ಎಂಬ ಅನುಮಾನವಿರುವುದರಿಂದ ನಿಮ್ಮೆಲ್ಲರದನ್ನೂ ಬೇಡುತ್ತಿದ್ದೇನೆ. ನೀವು ಅವನ ಭಾವಚಿತ್ರಕ್ಕೆ ಮುಖಮಾಡಿ ನಿಲ್ಲಿ. ನಾನು ಬೆನ್ನು ಮಾಡಿ ನಿಲ್ಲುತ್ತೇನೆ, ಅದನ್ನು ಅಗೌರವವೆಂದು ಯಾರೂ ಎಣಿಸಬಾರದು. ಅವನನ್ನು ನೋಡುವ ಭಾಗ್ಯ ಎಂದಿನಿಂದಲೂ ನಿಮ್ಮದೇ.

ಒರಗಿಕೋ, ಅಗುಳಿ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ನಾನು ಸುಮ್ಮನಾಗುತ್ತಿದ್ದೇನೆ.

ಇಂತಿ, ಓದಿ ಹೇಳಿದ ಈ ಅರಿಕೆಗೆ ಸ್ವಹಸ್ತದ ಸಹಿ:
ಡಂಗುರ
(ಬ್ಯಾಕ್, ಅರ್ಜಿ ಬರಹಗಾರ)

ಅಡಕ: ಶಾಲಾ ತಂಡದ ಛಾಯಾಚಿತ್ರ, ಒಂದು. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದು, ಗೋಲ್‌ಕೀಪರ್ ಮಾತ್ರ ಪಕ್ಕಕ್ಕೆ, ಡಂಗುರನ ಕೂಗು ಬಂದ ಕಡೆಗೆ ನೋಡುತ್ತಿರುವುದು. ಮಗಳಿಗೆ ಸಲ್ಲತಕ್ಕದ್ದು. ಹಿಂದಿರುಗಿಸಬೇಕಾಗಿಲ್ಲ.