ಅಚ್ಚುಮೆಚ್ಚಿನ ಕೈತೋಟ

…ಹೊಟ್ಟೆಕಿಚ್ಚಾ? ನನಗಾ? ಆ ಟಿವಿ ಮಿಂಚುಳ್ಳಿ ಮೇಲಾ? ಹೋಗೇ, ಸಾಕು! ಬಂದವಳು ಬಾಗಿಲಲ್ಲೇ ನಿಂತ್ಕೊಂಡು ಅದೇನು ಮಾತು ಅಂತ ಆಡ್ತೀಯೇ? ಒಳಗೆ ಬಾ, ಕೂತ್ಕೋ. ಅಯ್ಯೋ, ಆ ಕುರ್ಚಿ ಬೇಡ, ಅದರ ಕಾಲು ಅಲ್ಲಾಡುತ್ತೆ. ನಿಮ್ಮಣ್ಣನಿಗೆ ಹೇಳಿ ಹೇಳಿ ನನ್ನ ಬಾಯಿ ಸೋತುಹೋಯ್ತು. ಟಿವಿಯಲ್ಲಿ ಕೂತು ಊರಿಗೆಲ್ಲ ಗೊಬ್ಬರ ಹಾಕೋದು ಹೇಗೆ, ಕಸಿ ಕಟ್ಟೋದು ಹೇಗೆ ಅಂತ ಹೇಳಿಕೊಡ್ತಾರೆ. ಮನೇಲಿ ಒಂದು ಮೊಳೆ ಹೊಡೀರಿ ಅಂದ್ರೆ ಕೈ ಬರಲ್ಲ.

ಅವರಾ? ಇಲ್ಲ, ಇನ್ನೂ ಬಂದಿಲ್ಲ. ಬೇರೆ ದಿನ ಆಗಿದ್ರೆ ಕೈತೋಟ ಕಾರ್ಯಕ್ರಮ ಮುಗಿಸ್ಕೊಂಡು ಸೀದಾ ಮನೆಗೆ ಬಂದು, ಊಟ ಮಾಡಿ, ಒಂದು ನಿದ್ದೆ ತೆಗೆದು, ನರ್ಸರಿಗೆ ಹೋಗಿ ಗಿಡಗಳಿಗೆ ನೀರೂ ಬಿಟ್ಟಿರ್ತಿದ್ರು. ಇವತ್ತು ಸಂಜೆ ಆಗಿಹೋಯ್ತು. ಬರ್ತಾರೆ ಬಿಡು. ಫೋನ್ ಎತ್ತುತ್ತಿಲ್ಲ… ಬಸ್ಸಲ್ಲಿರಬೇಕು. ಗದ್ದಲ ಇರುತ್ತಲ್ಲ, ಕೇಳಿಸಿರಲ್ಲ.

ಬೇಡ, ಟಿವಿ ಆರಿಸಬೇಡ! ಸೌಂಡ್ ಇಲ್ವಲ್ಲ, ಅದರ ಪಾಡಿಗೆ ಅದು ಓಡ್ಲಿ. ಬೆಳಗ್ಗೆಯಿಂದ ಓಡ್ತಾನೇ ಇದೆ. ಏನ್ಮಾಡ್ಲಿ, ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೂರದೆ ಇದ್ರೆ ನನಗೆ ಹೇಗೆ ಗೊತ್ತಾಗಬೇಕು? ಆ ಮಿಂಚುಳ್ಳಿ ಒಂದೊಂದು ಕಾರ್ಯಕ್ರಮಕ್ಕೂ ಮುಂಚೆ ಬಂದು ಹೇಳಿಹೋಗ್ತಾಳಲ್ಲ, ಮುಂದೆ ಏನು ಬರುತ್ತೆ ಅಂತ? ಬೆಳಗ್ಗೆ ವ್ಯಾಯಾಮ. ಒಬ್ಬ ದಪ್ಪ ಮೇಷ್ಟ್ರು, ಬಗ್ಗಿ ಕಾಲ್ಬೆರಳು ಮುಟ್ಟಿ ಅಂತ ನಮಗೆ ಹೇಳ್ತಾನೆ, ತಾನು ಮಾತ್ರ ಮೊಣಕಾಲಿಗೇ ನಿಲ್ಲಿಸ್ತಾನೆ. ಅವನಿಗೆ ಏನಂದ್ಲು? 'ಈಗ ವ್ಯಾಯಾಮ.' ಅಷ್ಟೇ. ಆಮೇಲೆ ಶಾಲೆ ಮಕ್ಕಳಿಗೆ ಪಾಠ. 'ಈಗ ಗಣಿತ.' ಆಮೇಲೆ ಮೀನು ಸಾಕೋದರ ಮೇಲೆ ಅದೇನೋ ಸಾಕ್ಷ್ಯಚಿತ್ರ… ಮೀನೂ ಇಲ್ಲ ಮಣ್ಣೂ ಇಲ್ಲ, ಬರೀ ಕೊಳ ತೋರಿಸಿದ್ರು. 'ಈಗ ಸಾಕ್ಷ್ಯಚಿತ್ರ.' ಕಿವಿ ಕೇಳದವರಿಗೆ ಕೈಸನ್ನೆಯ ವಾರ್ತೆ. ಒಬ್ಬರು ವಯಸ್ಸಾದವರ ಪಿಟೀಲು. ನುಡಿಸ್ತಾ ನುಡಿಸ್ತಾ ಕಣ್ಣು ಮುಚ್ಚಿಬಿಟ್ರು, ನಿದ್ದೆ ಹೋದ್ರೇನೋ ಅಂದ್ಕೊಂಡೆ. ಎಲ್ಲಕ್ಕೂ 'ಈಗ', 'ಈಗ', 'ಈಗ'. ಪಿಟೀಲಿನವರ ವಯಸ್ಸಿಗೂ ಒಂದು ಮರ್ಯಾದೆ ಇಲ್ಲ. ನಿಮ್ಮಣ್ಣನ ಸರದಿ ಬಂದಾಗ? 'ಈಗ… ನಿಮ್ಮೆಲ್ಲರ ಅಚ್ಚುಮೆಚ್ಚಿನ ಕೈತೋಟ!' ಅದೂ ಕತ್ತು ಒಂಚೂರು ವಾಲಿಸಿ! ಯಾರ ಅಚ್ಚುಮೆಚ್ಚು? ನಾನು ಕೇಳ್ತೀನಿ, ಯಾರ ಅಚ್ಚುಮೆಚ್ಚು?

ಯಾಕೆ ನಗ್ತೀಯ? ನಗಬೇಡ ಅಂದೆ… ಹೂಂ, ಗೊತ್ತು, ಕತ್ತೆ ಬೊಂಬೆಗೂ ಅಂತಾಳೆ. ಮಕ್ಕಳ ಬೊಂಬೆಯಾಟಕ್ಕೂ 'ಅಚ್ಚುಮೆಚ್ಚಿನ' ಅಂತಾಳೆ. ನಿಮ್ಮಣ್ಣನೂ ಇದನ್ನೇ ಹೇಳಿದ್ರು. 'ಅವಳ ಲೆಕ್ಕದಲ್ಲಿ ನಾನೂ ಕತ್ತೆಯೂ ಒಂದೇ ಕಣೇ, ಸುಮ್ನಿರು' ಅಂದ್ರು. ನಾನೇನು ಅಷ್ಟು ದಡ್ಡಿಯಾ? ಕತ್ತೆಗೆ ಯಾಕೆ ಹೇಳ್ತಾಳೆ ಗೊತ್ತಾ? ನನಗೆ ಅನುಮಾನ ಬರಬಾರದು ಅಂತ ಹೇಳ್ತಾಳೆ! ಮತ್ತೆ ನಗ್ತೀಯಲ್ಲ! ನಾದಿನಿ ಆದವಳು ಒಂದು ದಿನಕ್ಕಾದ್ರೂ ಅತ್ತಿಗೆ ಕಡೆ ನಿಲ್ಲಬಾರದಾ?

ಬರೀ ಮಾತಿಗೆ ನಾನು ಇಷ್ಟು ಹೇಳ್ತೀನಾ? ಹೋದ ತಿಂಗಳು ಅವಳಿಗೊಂದು ಗಿಡ ಕೊಟ್ರು. ಕುಂಡದ ಸಮೇತ. ಅವಳ ರೂಮಿನ ಕಿಟಕಿ ಬೋಳಾಗಿದೆಯಂತೆ! ನಂಗೆ ಮದುವೆ ಆದಾಗಿನಿಂದ ಒಂದು ಗಿಡ ಅಂತ ಕೈಗೆ ಕೊಟ್ಟವರಲ್ಲ. ಕೇಳಿದ್ರೆ, 'ಮನೆ ತುಂಬ ಗಿಡವೇ ಇದೆಯಲ್ಲ' ಅಂತಾರೆ. ಇದೆ, ಇಲ್ಲ ಅಂದೋರ್ಯಾರು? ಆದ್ರೆ ಕೊಡೋದು ಬೇರೆ, ಇರೋದು ಬೇರೆ ಅಲ್ವೇನೇ? ನಾನು ಮಾತಾಡಿದ್ರೆ ಪೇಪರ್ ಮಡಚಲ್ಲ. ಅವಳು ಕೇಳಿದ್ರೆ ಪೂರ್ತಿ ಅವಳ ಕಡೆ ತಿರುಗಿ ಕೂತು ಉತ್ತರ ಹೇಳ್ತಾರೆ. ಕೇಳೋದು ಅವಳ ಕೆಲಸ ಅಂತೀಯಾ? ಇರಲಿ ತಾಯಿ. ಅಂಥ ಕೆಲಸ ನನಗೆ ಯಾರೂ ಕೊಡಲಿಲ್ಲ.

ಅಂದಹಾಗೆ… ಇವತ್ತಿನ ಕೈತೋಟ ನೀನು ನೋಡ್ಲಿಲ್ಲ ತಾನೆ? ನೋಡಿರಲ್ಲ ಬಿಡು, ಆ ಹೊತ್ತಿಗೆ ನಿನಗೆ ಆಫೀಸು. ಏನಿಲ್ಲ, ಯಾರೋ ಒಬ್ಬ ಹೆಂಗಸು ಫೋನ್ ಮಾಡಿದ್ಲು. ನೇರ ಪ್ರಸಾರ ಅಲ್ವಾ, ಯಾರು ಬೇಕಾದ್ರೂ ಮಾಡಬಹುದು. ಫೋನ್ ಬಂದಾಗ ನಿಮ್ಮಣ್ಣನ ಪಕ್ಕ ಕೂತು 'ಹಲೋ' ಅನ್ನೋಳೂ ಈ ಮಿಂಚುಳ್ಳೀನೇ. ಆ ಹೆಂಗಸು ಯಾವ ಊರಿನವಳೋ ಏನೋ, ದನಿ ಒಂಥರಾ… ಬಾಯಿಗೆ ಬಟ್ಟೆ ಹಿಡ್ಕೊಂಡ ಹಾಗೆ. 'ನಮ್ಮನೆ ಗುಲಾಬಿ ಗಿಡಕ್ಕೆ ಒಂದು ಬಳ್ಳಿ ಬಂದು ಸುತ್ಕೊಂಡಿದೆ, ಏನ್ಮಾಡ್ಲಿ' ಅಂದ್ಲು. ಇವರು ಪಾಪ, ಮುಂದಕ್ಕೆ ಬಗ್ಗಿ, 'ಯಾವ ಬಳ್ಳಿಯಮ್ಮ? ಎಲೆ ಹೇಗಿದೆ?' ಅಂತ ಕೇಳಿದ್ರು. 'ನಿಮ್ಮ ಪಕ್ಕದಲ್ಲೇ ಕೂತು ಹಲ್ಲು ಕಿರೀತಿದೆಯಲ್ಲ, ಅದೇ ಬಳ್ಳಿ' ಅಂದ್ಲು!

ಹೆಂಗಿದೆ? ನಗು ಬರಲ್ವಾ? ನನಗಂತೂ… ಬಂತಪ್ಪ. ಮಿಂಚುಳ್ಳಿ ಮುಖ ನೋಡಬೇಕಿತ್ತು, ಹಚ್ಚಿದ ಪೌಡರೆಲ್ಲ ಇಳಿದುಹೋದ ಹಾಗಾಯ್ತು. ಆದ್ರೂ ನಗು ಬಿಟ್ಲಾ? ಬಿಡ್ಲಿಲ್ಲ. 'ಅಮ್ಮಾ, ದಯವಿಟ್ಟು ನಿಮ್ಮ ಟಿವಿ ಸೌಂಡ್ ಕಡಿಮೆ ಮಾಡಿ, ನಮಗೆ ಸರಿಯಾಗಿ ಕೇಳಿಸ್ತಿಲ್ಲ' ಅಂದ್ಲು. ಅಮ್ಮಾ ಅಂತೆ, ಅಮ್ಮಾ! ಅಂಥಾ ವಯಸ್ಸೇನಾಗಿದೆ ನನ್… ಆ ಹೆಂಗಸಿಗೆ?

ಆಮೇಲಾ? ಆಮೇಲೇನಿಲ್ಲ. ಲೈನ್ ಕಟ್ಟಾಯ್ತು.

ಯಾಕೆ ಹಾಗೆ ನೋಡ್ತೀಯ? ಕಟ್ಟಾಯ್ತು ಅಂದ್ನಲ್ಲ… ಕಾಫಿ ಮಾಡ್ಲಾ? ಹಾಲಿದೆ…

…ನೀನೂ ನೋಡಿದ್ಯಾ?

ಆಫೀಸಲ್ಲೇ? ಎಲ್ಲರ ಜೊತೆ ಕೂತ್ಕೊಂಡು?

ಹೌದು. ನಾನೇ. ನಾನೇ ಕಣೇ ಮಾಡಿದ್ದು! ಗೊತ್ತಾಗ್ತಿರ್ಲಿಲ್ಲ, ದೇವರಾಣೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಟವೆಲ್ ಎರಡು ಮಡಿಕೆ ಮಾಡಿ ಹಿಡ್ಕೊಂಡಿದ್ದೆ. ಎಲ್ಲ ಆ ಹಾಳು ಸೌಂಡಿಂದ… ನಾನು ಆಡಿದ ಮಾತೇ ಟಿವಿಯೊಳಗಿಂದ ತಡವಾಗಿ ವಾಪಸ್ ಬರ್ತಿತ್ತು, ತಲೆ ಕೆಟ್ಟುಹೋಯ್ತು. ಕಡಿಮೆ ಮಾಡೋಣ ಅಂತ ಸೋಫಾ ಎಲ್ಲ ತಡಕಾಡಿದೆ, ಮೇಜಿನ ಕೆಳಗೆ ಬಗ್ಗಿ ನೋಡಿದೆ, ಸಿಗ್ಲಿಲ್ಲ. ಟವೆಲ್ ಯಾವಾಗ ಕೈ ಜಾರಿತೋ… ಬಾಯಿಂದ ಬಂದೇಬಿಡ್ತು. ದಿನಾ ಕೇಳೋ ಮಾತಲ್ವಾ? 'ರೀ, ರಿಮೋಟ್ ಎಲ್ಲಿಟ್ಟಿದೀರಾ?'

ನಿಮ್ಮಣ್ಣನಾದ್ರೂ ಸುಮ್ನಿರಬಾರದಿತ್ತಾ? ಕುಂಡದ ಮಣ್ಣು ಕೆದಕ್ತಿದ್ದವರು ತಲೆ ಕೂಡ ಎತ್ತಲಿಲ್ಲ. 'ದಿಂಬಿನ ಕೆಳಗಿದೆ ನೋಡೇ' ಅಂದ್ರು.

ಲೋಕವೆಲ್ಲ ಕೇಳ್ತು. ನಾನು ಮೊದಲು ಫೋನಲ್ಲಿ ಕೇಳಿದೆ, ಆಮೇಲೆ ಟಿವಿಯಲ್ಲಿ ಅವರು ಅನ್ನೋದನ್ನ ಕಣ್ಣಾರೆ ನೋಡಿದೆ. ನಿಜವಾಗ್ಲೂ ದಿಂಬಿನ ಕೆಳಗೇ ಇತ್ತು ಕಣೇ.

ಬೈದಿದ್ರೆ ಚೆನ್ನಾಗಿರ್ತಿತ್ತು. ಅಲ್ಲೇ, ಎಲ್ಲರೆದುರೇ ಬೈದುಬಿಟ್ಟಿದ್ರೂ ಆಗ್ತಿತ್ತು. ಶರ್ಟಿಗೆ ಸಿಕ್ಕಿಸಿದ್ದ ಮೈಕ್ ಬಿಚ್ಚಿ, ಮೇಜಿನ ಮೇಲಿಟ್ಟು, ಎದ್ದು ಹೋದ್ರು. ಬರೀ ಕುಂಡಗಳು ಉಳಿದ್ವು. 'ಅಡಚಣೆಗಾಗಿ ವಿಷಾದಿಸುತ್ತೇವೆ' ಅಂತ ಬೋರ್ಡ್ ಬಂತು. ಸ್ವಲ್ಪ ಹೊತ್ತಾದ ಮೇಲೆ ಅವಳು ಬಂದ್ಲು. ಕಣ್ಣು ಕೆಂಪಗಿತ್ತು. ಈಗ ನನ್ನ ಮಾನ ಹರಾಜು ಹಾಕ್ತಾಳೆ ಅಂತ ಕಾಯ್ತಾ ಕೂತಿದ್ದೆ. ಹಾಕಬೇಕಿತ್ತು! ಏನಂದ್ಲು ಗೊತ್ತಾ? 'ತಾಂತ್ರಿಕ ದೋಷದಿಂದಾಗಿ ಕಾರ್ಯಕ್ರಮ ನಿಂತುಹೋಗಿದ್ದಕ್ಕೆ ಕ್ಷಮಿಸಿ.' ನಾನು ತಾಂತ್ರಿಕ ದೋಷ! ನನ್ನ ಮರ್ಯಾದೆ ಉಳಿಸೋಕೆ ಅವಳು ಬೇಕಾಯ್ತು! ಇದರಲ್ಲೂ ಅವಳೇ ಒಳ್ಳೆಯವಳಾದ್ಲಲ್ಲೇ, ಹೇಗೆ ತಡ್ಕೊಳ್ಳಲಿ ಹೇಳು? ಮೈಯೆಲ್ಲ ಉರಿದುಹೋಯ್ತು.

ಆದ್ರೆ… ಅವರು ಅಂದಿದ್ದು ಸರಿಯಾಗಿ ಕೇಳಿಸ್ಕೊಂಡ್ಯಾ? 'ನೋಡೇ' ಅಂದ್ರು. ಅವಳಿಗೆ 'ನೋಡಿ' ಅಂತಾರೆ. ಫೋನ್ ಮಾಡಿದವರಿಗೆಲ್ಲ 'ನೋಡಿ' ಅಂತಾರೆ. ನನಗೊಬ್ಬಳಿಗೇ 'ನೋಡೇ'. ಇಷ್ಟು ಕಾಲ ನಾನು ಅದನ್ನ ಲೆಕ್ಕಕ್ಕೇ ತಗೊಂಡಿರ್ಲಿಲ್ಲ. ಮಧ್ಯಾಹ್ನದಿಂದ ಅದನ್ನೇ ಅಂದ್ಕೊಂಡು ಕೂತಿದೀನಿ. ಬಂದ ತಕ್ಷಣ ಕಾಲಾದ್ರೂ ಹಿಡಿದು ತಪ್ಪಾಯ್ತು ಅನ್ನೋಣ ಅಂತ.

ಏನಂದೆ? ಅವರು ನಿಮ್ಮನೇಲಿದ್ದಾರಾ?

…ಊಟ ಮಾಡಿದ್ರಾ?

ರಾತ್ರಿಗೆ ಬರ್ತಾರಾ? … ನಾಳೆ?

ಆ ಖಾಲಿ ಚೀಲ ಯಾಕೆ ಬಿಚ್ತಿದೀಯ?

…ಬಟ್ಟೆ ತಗೊಂಡು ಬಾ ಅಂದ್ರಾ.

ಸರಿ. ಕೊಡ್ತೀನಿ, ಕೂತ್ಕೋ. ಇಲ್ಲ, ಅಳ್ತಿಲ್ಲ. ಎರಡು ಪ್ಯಾಂಟು ಸಾಕಾ? ಬನಿಯನ್ನು, ಟವೆಲ್ಲು… ಶರ್ಟು ಚೌಕಳಿದು ಕೊಡ್ತೀನಿ, ಬಿಳೀದೂ ಕೊಡ್ತೀನಿ. ಆ ತಿಳಿನೀಲಿದು ಮಾತ್ರ ಕೇಳಬಾರದು ಅನ್ನು. ಅದನ್ನ ನಾನು ಕೊಡಲ್ಲ. ಅದು ಹಾಕ್ಕೊಂಡ್ರೆ ಟಿವಿಯಲ್ಲಿ ತುಂಬಾ ಚೆನ್ನಾಗಿ ಕಾಣ್ತಾರೆ.