ಸೀಸದ ಭಟ್ಟಿಯವನ ಬಿಪಿ

ಹೃದಯದ ಡಾಕ್ಟರ ಕೋಣೆಯ ಹೊರಗೆ ನನ್ನ ಪಕ್ಕದ ಬೆಂಚಿನಲ್ಲಿ ಗಂಡ ಹೆಂಡತಿ ಕೂತಿದ್ದರು. ಆತ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಕಾರ್ಖಾನೆಯವನೆಂದು ಮಾತಿನಿಂದಲೇ ತಿಳಿಯಿತು.

"ಡಾಕ್ಟ್ರು ಕೇಳಿದ್ರೆ ಭಟ್ಟಿ ಕೆಲಸ ಅಂತ ಹೇಳ್ರೀ."

"ಬೀಡಿಯಿಂದ ಬಿಪಿ ಬಂದಿದೆ ಅಂತ ಕಾರ್ಖಾನೆ ಡಾಕ್ಟ್ರು ಅಂದಿದಾರಲ್ಲೇ."

"ನೀವು ಬೀಡಿ ಸೇದಿದ್ದನ್ನ ನಾನೇ ಕಂಡಿಲ್ಲ, ಅವರಿಗೆಲ್ಲಿ ಕಾಣ್ತು?"

"ಹೂಂ ಅಂದುಬಿಟ್ಟೆ ಕಣೇ. ಸೀಸದ ಮಾತೆತ್ತಿದ್ರೆ ಕೆಲಸದಿಂದ ತೆಗೀತಾರೆ."

"ಸೇದದ ಬೀಡಿಗೆ ನೀವು ಹೊಣೆ, ಸೀಸ ಕುದಿಸೋ ಧಣಿ ಸಾಚಾ. ಚೆನ್ನಾಗಿದೆ ನ್ಯಾಯ. ನಮ್ಮ ಹೆಂಗಸರ ಸಂಘಕ್ಕೆ ಬಂದಿದ್ದ ಡಾಕ್ಟರಮ್ಮ ಹೇಳಿದ್ರು, ರಕ್ತನಾಳದ ಒಳಮೈಗೆ ಜೀವಕೋಶಗಳ ತೆಳು ಪದರ ಇರುತ್ತಂತೆ. ನಾಳ ಯಾವಾಗ ಸಡಿಲ ಆಗ್ಬೇಕು ಅಂತ ಹೇಳೋದೇ ಅದು. ರಕ್ತಕ್ಕೆ ಸೇರಿದ ಸೀಸ ಅದನ್ನೇ ಕೆಡಿಸುತ್ತೆ. ಆಮೇಲೆ ನಾಳ ಸೆಟೆದುಕೊಂಡು ಕೂರುತ್ತೆ, ಒತ್ತಡ ಏರುತ್ತೆ."

"ನಮ್ಮ ಮೇಸ್ತ್ರಿ ಥರ."

"ನಗಬೇಡಿ. ನಿಮ್ಮ ಸೀಸದ ಧೂಳಿನ ಬಟ್ಟೆ ಒಗೆಯೋ ನನಗೂ ಬಿಪಿ ಬಂದಿದೆ. ನಾನೂ ಬೀಡಿ ಸೇದ್ತೀನಾ?"



"ಕೆಲಸ ಹೋದ್ರೆ?"

"ಭಟ್ಟಿಯವರ ಹೆಂಡತಿಯರನ್ನೆಲ್ಲ ರಕ್ತ ಪರೀಕ್ಷೆಗೆ ಕರ್ಕೊಂಡು ಬರ್ತೀನಿ. ನಾಳೆನೇ. ಎಲ್ಲರ ಗಂಡಂದಿರನ್ನೂ ತೆಗೆದು ಧಣಿ ಸೀಸ ಯಾರ ಕೈಲಿ ಕರಗಿಸ್ತಾನೆ, ನೋಡೋಣ."

ನರ್ಸ್ ಕರೆದಳು. ಆತ ಎದ್ದು ಹೆಂಡತಿಯನ್ನು ಮುಂದೆ ಬಿಟ್ಟುಕೊಂಡು ಒಳಗೆ ಹೋದ. ಬಾಗಿಲು ಮುಚ್ಚಿಕೊಳ್ಳುವ ಮೊದಲು ಕೇಳಿದ್ದು ಅವನ ದನಿ.

"ಡಾಕ್ಟ್ರೇ, ನಾನು ಸೀಸದ ಭಟ್ಟಿಯವನು. ಮೊದಲು ಇವಳ ರಕ್ತ ತೆಗೀರಿ."