ಊಟದ ಹೊತ್ತಿನ ಇಂಟರ್ನೆಟ್

ಹಲ್ಲಿನ ಡಾಕ್ಟರ ಬಳಿ ಸರದಿ ಕಾಯುತ್ತಿದ್ದ ದರ್ಜಿ, ಊದಿದ ಕೆನ್ನೆ ಹಿಡಿದುಕೊಂಡೇ ಪಕ್ಕದಲ್ಲಿದ್ದ ಅತ್ತೆ-ಸೊಸೆಯ ಪಿಸುಮಾತಿಗೆ ಕಿವಿಗೊಟ್ಟ.

"ಅತ್ತೆ, ನಂಗ್ಯಾಕೋ ಕಸಿವಿಸಿ. ರೂಟರ್ ಸೆಟ್ಟಿಂಗ್ಸ್‌ನಲ್ಲಿ ರಾತ್ರಿ ಊಟದ ಹೊತ್ತಿಗೆ ನೆಟ್ ನಿಲ್ಲೋ ಹಾಗೆ ಮಾಡಿದ್ದು ನಾವೇ ಅಂತ ಇವರಿಗೆ ಹೇಳಿಬಿಡೋಣ."

"ಸುಮ್ಮನಿರೇ. ನನ್ನ ಮಗ ತಟ್ಟೆ ನೋಡ್ಕೊಂಡು ಊಟ ಮಾಡಿ ಎಷ್ಟು ಕಾಲ ಆಗಿತ್ತು."

"ಮೊನ್ನೆ ನನ್ನ ಹೊಸ ಕೆಲಸದ ಬಗ್ಗೆ ಕೇಳಿದ್ರು."

"ನನ್ನ ಮಂಡಿನೋವು ವಿಚಾರಿಸಿದ. ಇನ್ನೇನು ಬೇಕು?"

"ಆದ್ರೂ ಕದ್ದು ಮಾಡಿದ್ದಲ್ವಾ? ತೆಗೆದುಬಿಡೋಣ ಅಂತ ಬೆಳಿಗ್ಗೆ ಸೆಟ್ಟಿಂಗ್ಸ್ ತೆರೆದೆ. ನಾವಿಟ್ಟಿದ್ದು ಅರ್ಧ ಗಂಟೆ, ಅಲ್ಲಿ ಒಂದು ಗಂಟೆ ಅಂತಿತ್ತು. ನೀವು ಹೆಚ್ಚು ಮಾಡಿದ್ರಾ?"

"ಆ ಡಬ್ಬಿಯ ಧೂಳು ಒರೆಸೋದು ಬಿಟ್ಟು ನಂಗೇನು ಬರುತ್ತೆ? ನೀನಲ್ವಾ?"

"ನಾನಲ್ಲ. ಅದರ ಪಾಸ್‌ವರ್ಡ್ ಗೊತ್ತಿರೋದು ನಂಗೂ ಇವರಿಗೂ ಮಾತ್ರ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಅತ್ತೆಯ ಮುಖ ಮೆಲ್ಲಗೆ ಅರಳಿತು. ದರ್ಜಿಗೆ ನಗು ತಡೆಯಲಾಗಲಿಲ್ಲ. ನಕ್ಕಿದ್ದಕ್ಕೆ ಹಲ್ಲು ಜುಮ್ಮೆಂದಿತು.

"ಹಾಗಾದ್ರೆ ಹೇಳೋಣ್ವಾ, ಅತ್ತೆ?"

"ಏನೂ ಬೇಡ. ಅವನು ಗೊತ್ತಿಲ್ಲದವನ ಹಾಗೆ ಇದಾನಲ್ಲ, ನಾವೂ ಹಾಗೇ ಇರೋಣ."

ಒಳಗಿಂದ ನರ್ಸ್ ಕರೆದಳು. ಸೊಸೆಯ ಕೈ ಹಿಡಿದು ಎದ್ದ ಅತ್ತೆ, ಹಲ್ಲು ಕೀಳಿಸಿಕೊಳ್ಳಬೇಕೆಂಬುದನ್ನೇ ಮರೆತವಳಂತೆ ನಗುತ್ತಾ ಒಳಗೆ ಹೋದಳು.